ರೋಗ ಸಾಕುತ್ತಿದ್ದ ಜಗನ್ನಾಥ

ಹೈಬ್ರಿಡ್ ಸಜ್ಜೆ ನಮ್ಮ ಹೊಲಗಳಿಗೆ ಬಂದ ಕೆಲವೇ ವರ್ಷಗಳಲ್ಲಿ ಬೂಜು ರೋಗಕ್ಕೆ ಮಗುಚಿ ಬಿತ್ತು. ಇದು ಗುಟ್ಟೇನಲ್ಲ, ಎಪ್ಪತ್ತರ ದಶಕದಲ್ಲಿ ಸಜ್ಜೆ ರೊಟ್ಟಿ ತಿಂದವರಿಗೆಲ್ಲ ಗೊತ್ತಿರಬೇಕಾದದ್ದು. ಎಲೆಯ ಹಿಂದೆ ಬಿಳಿ ಹುಡಿ, ತೆನೆ ಇರಬೇಕಾದ ಕಡೆ ಹುಲ್ಲಿನ ಗೊಂಚಲು. ಊರಿಗೂರೇ ಒಂದೇ ಬೀಜ ಬಿತ್ತಿತ್ತು. ಒಂದು ಗಿಡವನ್ನು ಗೆದ್ದ ರೋಗಕ್ಕೆ ಉಳಿದವನ್ನು ಗೆಲ್ಲಲು ಹೊಸ ವಿದ್ಯೆ ಬೇಕಾಗಲಿಲ್ಲ. ಆ ಬೀಜವನ್ನು ಹೊಗಳಿ ಭಾಷಣ ಬಿಗಿದವರು ಆಮೇಲೆ ಯಾವ ಬದುವಿನ ಮೇಲೂ ಕಾಣಲಿಲ್ಲ. ಕಂಡವನು ಮಾನ್ವಿಯ ಜಗನ್ನಾಥ.

ರಾಯಚೂರಿನಾಚೆಯ ಒಂದು ಬೀಜದ ಫಾರ್ಮಿನಲ್ಲಿ ಅವನದು ಸಣ್ಣ ನೌಕರಿ, ಪಕ್ಕದಲ್ಲೇ ತಾಯಿಯೊಂದಿಗೆ ಮನೆ. ಹಣೆಗೆ ಮಾಧ್ವರ ಅಂಗಾರ, ಕಾಲಡಿ ಸೈಕಲ್ಲು. ದೇವದುರ್ಗ, ಮಾನ್ವಿ ಕಡೆಯ ರೋಗ ಬಡಿದ ಹೊಲಗಳಲ್ಲೇ ಸುತ್ತಿ, ಅಲ್ಲಿ ಗಟ್ಟಿ ನಿಂತ ಗಿಡಗಳ ತೆನೆ ಕೇಳಿ ತರುತ್ತಿದ್ದ. ಬಗೆಬಗೆಯ ಆ ಕಾಳು ಬೆರೆಸಿ ಬಿತ್ತಿ, ಎಳೆ ಸಸಿಗಳ ಮೇಲೆ ಬೇಕೆಂದೇ ರೋಗ ಚಿಮುಕಿಸಿ, ಬದುಕಿದವನ್ನಷ್ಟೇ ಮತ್ತೆ ಬಿತ್ತುವುದು ಅವನ ಕೆಲಸ. ಅದಕ್ಕೆ ರೋಗವೂ ಬೇಕಲ್ಲ, ಅದನ್ನು ದೇವದುರ್ಗದ ಬೂದೆಪ್ಪನ ಹೊಲದಿಂದ ಎಲೆಗಳಲ್ಲಿ ತರುತ್ತಿದ್ದ.

“ಆಚಾರ್ರ, ಮಂದಿ ರೋಗ ಓಡ್ಸಾಕ ಬರ್ತಾರ. ನೀವು ಚೀಲದಾಗ ತುಂಬ್ಕೊಂಡು ಹೊಂಟೀರಿ,” ಎಂದ ಬೂದೆಪ್ಪ.

“ನಿನ್ನ ಹೊಲದಾಗಿನ ರೋಗ ಭಾರಿ ಜೋರದ ಬೂದೆಪ್ಪಾ. ಇಂಥಾದು ಎಲ್ಲೂ ಸಿಗಂಗಿಲ್ಲ.”

“ಹೊಗಳಿದ್ದು ಸಾಕ್ರಿ. ಬರೋ ಮುಂಗಾರಿಗೆ ಬೀಜ ಕೊಡ್ರಿ. ನಮ್ಮ ಓಣಿ ಮಂದೆಲ್ಲಾ ಕಾದು ಕುಂತಾರ.”

ಎಲೆಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಇಟ್ಟರೆ ಬೆಳಗಾಗುವುದರೊಳಗೆ ಹೊಸ ಹುಡಿ ಏಳುತ್ತದೆ. ಅದನ್ನು ನೀರಿಗೆ ತೊಳೆದು ಬಿಸಿಲೇರುವ ಮುಂಚೆ ಸಸಿಗಳಿಗೆ ಸಿಂಪಡಿಸಬೇಕು. ಆ ವರ್ಷ ಜಗನ್ನಾಥ ಹಾಗೆಯೇ ಮಾಡಿದ. ಆದರೆ ಹೊಲ ಹಸಿರಾಗಿಯೇ ಉಳಿಯಿತು. ಫಾರ್ಮಿನ ಸಾಹೇಬರು ಬದುವಿನಲ್ಲಿ ನಿಂತು ಹಿಗ್ಗಿದರು.

“ಗೆದ್ದೀವಿ ಜಗನ್ನಾಥ. ಇನ್ನ ಬೀಜ ಹಂಚೋದ.”

ಜಗನ್ನಾಥ ಮಾತ್ರ ನಡುವಿನ ಒಂದು ಸಾಲು ಬಿಟ್ಟು ಕದಲಲಿಲ್ಲ. ಅದು ಸೋತ ಹಳೆಯ ಹೈಬ್ರಿಡ್ಡಿನ ಸಾಲು. ರೋಗ ನಿಜವಾಗಿ ಬಂತೇ ಎಂದು ತಿಳಿಯಲೆಂದೇ ಬಿತ್ತಿದ್ದು. ಅದೂ ಹಸಿರಾಗಿ ತೂಗುತ್ತಿತ್ತು.

“ಸಾಹೇಬರ, ಸಾಯಬೇಕಾದದ್ದು ಸತ್ತಿಲ್ಲರೀ.”

“ಸಾಯಲಿಲ್ಲಂತ ಅಳೋನು ನೀ ಒಬ್ಬನ ನೋಡು.”

ಅಂದು ಅವನಿಗೆ ಊಟ ಸೇರಲಿಲ್ಲ. ತಾಯಿ ಅನಸೂಯಾಬಾಯಿ ಕೇಳಿದರು, “ಯಾಕೋ ಜಗ್ಗೂ, ಸಾರು ಹಳಸೇದೇನು?”

“ಹೊಲಕ್ಕ ರೋಗ ಬರಲಿಲ್ಲವ್ವಾ.”

“ಹೆಂಗ ಬಂದೀತು? ಆ ಮೈಲಿಗಿ ಚೀಲ ಬಾವಿಕಟ್ಟಿ ಮ್ಯಾಲ ಇಟ್ಟಿದ್ದಿ. ನಸುಕಿನ್ಯಾಗ ಮಡಿನೀರು ಸೇದಾಕ ಹೋದಾಕಿ ನೋಡಿದೆ. ಹಂಡೆದ ಬಿಸಿನೀರು ಸುರದು, ಗೋಮೂತ್ರ ಚಿಮುಕ್ಸಿ, ಹೆಂಗಿತ್ತೋ ಹಂಗ ಕಟ್ಟಿಟ್ಟೆ. ದೇವರ ಮನಿಯೊಳಗೂ ಇಡಬಹುದಿತ್ತು, ಅಷ್ಟು ಶುದ್ಧ ಮಾಡೀನಿ.”

ಜಗನ್ನಾಥನಿಗೆ ನಗು ತಡೆಯಲಾಗಲಿಲ್ಲ. ಸೌಟು ಹಿಡಿದ ತಾಯಿಗೆ ಮಗನ ತಲೆ ಕೆಟ್ಟಿತೆಂದೇ ಅನುಮಾನ.

ಮರುದಿನ ಫಾರ್ಮಿನಲ್ಲಿ ಎಲ್ಲರೆದುರೇ ನಡೆದದ್ದು ಹೇಳಿಬಿಟ್ಟ. ಸಾಹೇಬರು ದನಿ ತಗ್ಗಿಸಿದರು. “ಹೊಲ ಹಸಿರದ. ಅಷ್ಟ ಸಾಕು. ನಿಮ್ಮವ್ವನ ಕಥಿ ಯಾರು ಕೇಳ್ಯಾರ?”

“ಪರೀಕ್ಷಾನ ಆಗಿಲ್ಲರೀ. ಪಾಸ್ ಅಂತ ಹೆಂಗ ಹೇಳಲಿ? ನಾ ಸಹಿ ಹಾಕಂಗಿಲ್ಲ.”

ಹಾಕಲಿಲ್ಲ. ಬೀಜ ಹಂಚುವುದು ನಿಂತಿತು. ಪರೀಕ್ಷೆಯಾಗದ ಬೀಜ ಹಂಚಿದವರಿಗೆ ಈ ನಾಡಿನಲ್ಲಿ ಹಾರ ಬೀಳುತ್ತದೆ. ನಿಜ ಹೇಳಿದವನಿಗೆ ಬಿದ್ದದ್ದು ‘ಗೋಮೂತ್ರದ ಆಚಾರಿ’ ಎಂಬ ಹೆಸರು. ಅದನ್ನವನು ಹೊತ್ತು ತಿರುಗಿದ. ಕಷ್ಟವಾದದ್ದು ಬೂದೆಪ್ಪನೆದುರು ನಿಲ್ಲುವುದು. ಈ ಮುಂಗಾರಿಗೂ ಬೀಜವಿಲ್ಲ ಎಂದು, ಆದದ್ದನ್ನೆಲ್ಲ ಅವನಿಗೂ ಹೇಳಿದ.

“ನಿಮ್ಮವ್ವಾರ್ನ ಒಂದ್ಸಲ ನಮ್ಮ ಹೊಲಕ್ಕ ಕರ್ಕೊಂಡು ಬರ್ರಿ,” ಎಂದ ಬೂದೆಪ್ಪ. “ರೋಗ ಇಲ್ಲೇ ಹೋಗ್ತದ, ಬೀಜಾನ ಬ್ಯಾಡ.” ಮುಂದಿನ ವರ್ಷ ಎಲೆಯ ಚೀಲವನ್ನು ತಾನೇ ತುಂಬಿಕೊಟ್ಟ.

ಈ ಸಲ ಅನಸೂಯಾಬಾಯಿ ಗೋಣಿಯನ್ನು ಕೊಟ್ಟಿಗೆಯ ಮೂಲೆಯಲ್ಲಿ ಇಡಿಸಿ, ಹತ್ತಿರ ಸುಳಿದವರನ್ನೆಲ್ಲ ಗದರಿದರು. “ಮುಟ್ಟಬ್ಯಾಡ್ರಿ, ಅದು ನಮ್ಮ ಜಗ್ಗೂನ ರೋಗ.”

ರೋಗ ಬಂತು. ಹೈಬ್ರಿಡ್ ಸಾಲು ಹುಲ್ಲಾಯಿತು. ಸಾಹೇಬರು ಹಂಚಲು ಹೊರಟಿದ್ದ ಬೀಜದಲ್ಲೂ ಅರ್ಧದಷ್ಟು ಹುಲ್ಲಾಯಿತು. ಅದು ಆಗಲೇ ಬೂದೆಪ್ಪನ ಓಣಿ ಸೇರಿದ್ದರೆ ಏನಾಗುತ್ತಿತ್ತು? ಉಳಿದರ್ಧವನ್ನು ಜಗನ್ನಾಥ ಮತ್ತೆ ಮತ್ತೆ ರೋಗದ ಬಾಯಿಗೆ ಕೊಟ್ಟ. ಎಂಬತ್ತರ ದಶಕ ಹುಟ್ಟಿದ ಮೇಲೆ ಆ ಬೀಜ ದೇವದುರ್ಗಕ್ಕೆ ಹೋಯಿತು. ಅಲ್ಲೊಂದು ಇಲ್ಲೊಂದು ಗಿಡ ಸಾಯುತ್ತಿತ್ತು, ಹೊಲ ಸಾಯಲಿಲ್ಲ. ವರ್ಷದ ಮೇಲೆ ವರ್ಷ ಹಾಗೇ ನಿಂತಿತು.

ಈ ಮುಂಗಾರಿಗೆ ಬೀಜದಂಗಡಿಗೆ ಹೋಗುತ್ತೀರಿ. ಚೀಲದ ಮೇಲಿನ ಬಣ್ಣದ ತೆನೆ ನೋಡಿ ಮರುಳಾಗಬೇಡಿ. ಇದನ್ನು ರೋಗದ ನಡುವೆ ಎಲ್ಲಿ ಬೆಳೆದಿರಿ, ಎಷ್ಟು ವರ್ಷ ನಿಂತಿತು, ಕಣ್ಣಾರೆ ಕಂಡವರು ಯಾರು ಎಂದು ಕೇಳಿ. ಉತ್ತರ ಸಿಗುವವರೆಗೆ ಅಂಗಡಿಯ ಕಟ್ಟೆ ಇಳಿಯಬೇಡಿ.