ನಮ್ಮಾಯಿಯ ಕಿವಿ

ಮಗಳ ವಿಜ್ಞಾನದ ಪುಸ್ತಕದಲ್ಲಿ ಕಿವಿಯ ಚಿತ್ರ ನೋಡಿ ಗೊಬ್ಬೂರಿನ ಶಾಲೆ ನೆನಪಾಯಿತು.

"ಲಕ್ಷಗಟ್ಲೆ ವರ್ಷದ ಹಿಂದ ನಮ್ಮ ಪೂರ್ವಜರು ಕಿವಿ ಅಲ್ಲಾಡಿಸತಿದ್ರು. ಈಗ ಮನುಷ್ಯಾಗ ಬರಂಗಿಲ್ಲ" ಅಂದರು ಮಾಸ್ತರು. ನನಗೆ ಬರುತ್ತಿತ್ತು. ಎದ್ದು ನಿಂತು ಅಲ್ಲಾಡಿಸಿ ತೋರಿಸಿದೆ.

"ನೀ ಇನ್ನಾ ಮಂಗ್ಯಾನೇ ಅದಿ" ಅಂದರು. ಹುಡುಗರೆಲ್ಲ ಬಿದ್ದು ಬಿದ್ದು ನಕ್ಕರು. ಮರುದಿನ ಶಾಲೆಗೆ ಹೋಗಲ್ಲ ಅಂತ ಅತ್ತೆ.

ಹೊಲಕ್ಕೆ ಹೊರಟಿದ್ದ ಆಯಿ, ನನ್ನಪ್ಪನ ತಾಯಿ, ಬುತ್ತಿ ಕೆಳಗಿಟ್ಟು ನನ್ನ ಕೈ ಹಿಡಿದು ಸೀದಾ ತರಗತಿಗೇ ನಡೆದಳು. ತಲೆ ಮೇಲಿನ ಸೆರಗು ಸರಿಸಿ, ಎರಡೂ ಕಿವಿ ಅಲ್ಲಾಡಿಸಿದಳು.

"ನಮ್ಮವ್ವನಿಂದ ನನಗ ಬಂದದ್ರಿ, ನನ್ನಿಂದ ಈಕಿಗಿ. ಮಂಗ್ಯಾ ಅನ್ನೂದಿದ್ರ ಮೊದಲ ನನಗನ್ರಿ!"

ಮಾಸ್ತರು "ತಪ್ಪಾತ್ರಿ ಆಯಿ" ಅಂದರು. ಅವತ್ತಿನಿಂದ ನಾನು ಮುಂದಿನ ಸಾಲಿನಲ್ಲೇ ಕುಂತೆ.

ಕಥೆ ಕೇಳಿದ ಮಗಳು ಈಗ ಕನ್ನಡಿ ಬಿಟ್ಟು ಬರುತ್ತಿಲ್ಲ. ತನಗ್ಯಾಕೆ ಇದು ಬರಲಿಲ್ಲ ಅಂತ ನನ್ನ ಜೊತೆ ಜಗಳ ತೆಗೆದಿದ್ದಾಳೆ.