ಶೋಕೇಸಿನಲ್ಲಿ ಸಿಕ್ಕಿಬಿದ್ದ ಕಟ್ಸಿನಾ

ಸೌದಿಯ ಅಲ್ ಖೋಬರಿನ ನಮ್ಮ ಕಟ್ಟಡದಲ್ಲಿ ಮಥಾಯಸರಿಗೆ ಗೊತ್ತಿಲ್ಲದ ವಿಷಯವೇ ಇರಲಿಲ್ಲ. ಎದುರು ಫ್ಲ್ಯಾಟಿನವಳಾದ ನನಗಂತೂ ಅವರ ಭಾಷಣ ಕೇಳಿ ಕೇಳಿ ಸಾಕಾಗಿತ್ತು.

೨೦೧೪ರಲ್ಲಿ ಅವರ ಕಂಪನಿಯ ಅಮೆರಿಕನ್ ಇಂಜಿನಿಯರೊಬ್ಬ ಊರಿಗೆ ಮರಳುವಾಗ ಮಥಾಯಸರ ಮಗಳು ಸ್ವೀಡಲಳ ಕೈಗೆ ಒಂದು ಗೊಂಬೆ ಕೊಟ್ಟ. ಅರಿಝೋನಾದ ಹೋಪಿ ಬುಡಕಟ್ಟಿನವರು ಮರದ ಬೇರಿನಲ್ಲಿ ಕೆತ್ತಿದ ಕಟ್ಸಿನಾ ಗೊಂಬೆ. ಕಟ್ಸಿನಾಗಳೆಂದರೆ ಮಳೆ ತರುವ ಚೇತನಗಳು. ವರ್ಷದ ಅರ್ಧ ಭಾಗ ಊರಿನಲ್ಲಿದ್ದು ಹೋಗುತ್ತವಂತೆ. ಅವೇ ಕುಣಿಯುತ್ತ ಬಂದು ಹೆಣ್ಣುಮಕ್ಕಳಿಗೆ ಇಂಥ ಗೊಂಬೆ ಕೊಡುತ್ತವೆ. ಪೂಜೆಗಲ್ಲ, ಗೋಡೆಗೆ ತೂಗುಹಾಕಿ ದಿನವೂ ನೋಡಿ ಆ ಚೇತನಗಳ ಗುರುತು ಕಲಿಯಲಿ ಎಂದು. ಇಷ್ಟನ್ನೂ ಅವನು ಹುಡುಗಿಗೆ ತಾಳ್ಮೆಯಿಂದ ಹೇಳಿಹೋಗಿದ್ದ.

ಅವನ ವಿಮಾನ ಹಾರುವ ಮೊದಲೇ ಮಥಾಯಸರು ಗೊಂಬೆಯನ್ನು ಹಾಲ್‌ನ ಶೋಕೇಸಿನಲ್ಲಿಟ್ಟು ಬೀಗ ಹಾಕಿದರು. ಹುಡುಗಿ ಅತ್ತಳು, ಊಟ ಬಿಟ್ಟಳು.

"ಮುಟ್ಟಬೇಡ ಮಾರಾಯ್ತಿ, ಆಂಟಿಕ್ ಪೀಸ್ ಅದು!"

ಈ ದೇಶದಲ್ಲಿ ಅನ್ಯಧರ್ಮದ ಗುರುತು ಯಾರಾದರೂ ನೋಡಿದರೆ ಕಷ್ಟವೆಂದು ಮನೆಯ ಶಿಲುಬೆಯನ್ನು ಹೆಂಡತಿ ಸೆಲೆಸ್ಟಿನಳ ಸೀರೆಗಳ ಹಿಂದೆ ಅಡಗಿಸಿಟ್ಟ ಮಹಾಶಯರು, ಬಂದವರಿಗೆಲ್ಲ ಇದನ್ನು ತೋರಿಸಿ "ರೆಡ್ ಇಂಡಿಯನ್ನರ ದೊಡ್ಡ ದೇವರು" ಎನ್ನುತ್ತಿದ್ದರು. ಸ್ವೀಡಲ್ ತಿದ್ದಲು ಹೋದರೆ, "ನಿಂಗೆ ಎಂತ ಗೊತ್ತುಂಟು? ಒಳಗೆ ಹೋಗು!"

ಬಡ್ತಿಯ ಆಸೆಗೆ ಒಂದು ದಿನ ಮ್ಯಾನೇಜರ್ ಯಹ್ಯಾರನ್ನು ಊಟಕ್ಕೆ ಕರೆದರು. ಬಿರಿಯಾನಿಗೆಂದು ಸೆಲೆಸ್ಟಿನಳ ಜೊತೆ ಅಡುಗೆಮನೆಯಲ್ಲಿ ನಾನೂ ಇದ್ದೆ. ಯಹ್ಯಾ ಶೋಕೇಸಿನ ಮುಂದೆ ನಿಂತು ಕೇಳಿದರು, "ಇದು ನೀವು ಪೂಜಿಸುವ ವಿಗ್ರಹವೇ?"

ಮಥಾಯಸರು ಎರಡೂ ಕೈ ಆಡಿಸಿದರು. "ಅಯ್ಯೋ, ಇಲ್ಲ ಸರ್! ಮಗಳ ಗೊಂಬೆ. ಅವಳದ್ದೇ!"

"ಮತ್ತೆ ಬೀಗ ಯಾಕೆ?"

ಪುಣ್ಯಾತ್ಮರು ತಡಬಡಾಯಿಸಿ ಬೀಗ ತೆಗೆದರು. ಸ್ವೀಡಲ್ ಗೊಂಬೆಯನ್ನು ಎದೆಗವಚಿಕೊಂಡು ಅದರ ಕಥೆಯನ್ನೆಲ್ಲ ಯಹ್ಯಾರಿಗೆ ಹೇಳಿದಳು. ಅಪ್ಪ ತಾವೇ ಕಲಿಸಿಕೊಟ್ಟವರ ಹಾಗೆ ತಲೆಯಾಡಿಸುತ್ತಿದ್ದರು. ಎಂಥಾ ನಾಚಿಕೆಗೇಡು! ನಾನು ಶಾಲು ಬಾಯಿಗೊತ್ತಿಕೊಂಡು ನಕ್ಕೆ.

ಮರುದಿನ ನನ್ನ ಬಿರಿಯಾನಿ ಪಾತ್ರೆ ತರಲು ಹೋದಾಗ ಅಪ್ಪ ಮಗಳ ಕೋಣೆಯ ಬಾಗಿಲಲ್ಲಿ ಕೈಚಾಚಿ ನಿಂತಿದ್ದರು. ಗೊಂಬೆ ಅವಳ ಮಂಚದ ಮೇಲಿನ ಗೋಡೆಯಲ್ಲಿ ತೂಗುತ್ತಿತ್ತು.

"ತಾ ಮಗಾ, ಶೋಕೇಸಲ್ಲಿ ಇಡುವ."

"ತಕೊಳ್ಳಿ ಡ್ಯಾಡಿ," ಎಂದಳು ಹುಡುಗಿ, ಕೂತಲ್ಲಿಂದ ಏಳದೆ. "ಯಹ್ಯಾ ಅಂಕಲ್ ಇನ್ನೊಮ್ಮೆ ಬಂದರೆ ಯಾರದ್ದು ಅಂತ ಹೇಳ್ತೀರಿ?"