ಸುರೇಖಾ ಆರಿಸಿ ತೆಗೆದ ಹೆಸರುಗಳು

ನನ್ನ ತಂಗಿಯ ಮಗಳು ಸುರೇಖಾ ಬ್ಯಾಡಗಿಯಲ್ಲಿ ಖಾರದ ಪುಡಿ ಮಾಡಿ ಮಾರುತ್ತಾಳೆ. ಚಿಕ್ಕವಳಿದ್ದಾಗ ನನ್ನ ಪಕ್ಕ ಕೂತು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು; ಬಿಳಿಚಿದ ಕಾಯಿ ಅವಳ ಕಣ್ಣು ತಪ್ಪಿಸಿ ಹೋದದ್ದಿಲ್ಲ. ಮುಂದೆ ಹಾವೇರಿಯಲ್ಲಿ ಕಂಪ್ಯೂಟರ್ ಕಲಿತು, ಪುಡಿಗೆ ತಾನೇ ಒಂದು ವೆಬ್‌ಸೈಟ್ ಮಾಡಿದಳು. ಬ್ಯಾಡಗಿ ಖಾರ ಅಂತ ಗೂಗಲ್‌ನಲ್ಲಿ ಹುಡುಕಿದವರಿಗೆ ಮೊದಲ ಪುಟದಲ್ಲೇ ಅವಳ ಹೆಸರು ಸಿಗುತ್ತಿತ್ತು. ಪುಣೆ, ಚೆನ್ನೈಯಿಂದ ಆರ್ಡರ್ ಬರುತ್ತಿದ್ದವು. ನೆರೆಮನೆಯ ಗದಿಗೆವ್ವನಿಗೂ ನನಗೂ ಅವಳ ಅಂಗಳದಲ್ಲೇ ಕಾಯಿ ಆರಿಸುವ ಕೆಲಸ.

೨೦೦೮ರ ಸುಗ್ಗಿಯಲ್ಲಿ ರಾಣೇಬೆನ್ನೂರಿನ ಕೊಟ್ರಪ್ಪ ಬಂದ. ಲಗ್ನಪತ್ರಿಕೆ ಅಚ್ಚು ಹಾಕುವವನು; ನಮ್ಮ ಪಾಕೀಟಿನ ಚೀಟಿಯೂ ಅವನದೇ.

“ತಂಗಿ, ಬ್ಯಾರೆ ಸೈಟಿನವ್ರು ನಿನ್ನ ಸೈಟಿಗೆ ದಾರಿ ತೋರ್ಸಿದ್ರ ಅದಕ್ಕ ಲಿಂಕ್ ಅಂತಾರಲ್ಲ, ಅವು ಹೆಚ್ಚಾದಷ್ಟೂ ನೀ ಮ್ಯಾಲೆ ಏರ್ತಿಯಂತ. ಲಗ್ನಪತ್ರಿಕಿ ಇದ್ದಂಗ. ಸುಖಾಗಮನ ಬಯಸುವವರ ಹೆಸರು ತುಂಬಿದಷ್ಟೂ ಮದುವಿಗೆ ವಜನ.”

“ಗುರ್ತ ಇಲ್ಲದವ್ರ ಹೆಸರೂ ನಡೀತದೇನ್ರಿ, ಅಣ್ಣಾ?”

“ಕೆಳಗಿನ ಹೆಸರು ಯಾರು ಓದ್ತಾರವಾ?”

ಅವನ ಪರಿಚಯದವರೊಬ್ಬರು ಸುರೇಖಾಳಿಂದ ರೊಕ್ಕ ತಗೊಂಡು ರಾಶಿ ಲಿಂಕ್ ಹಾಕಿಸಿದರು. ಸೈಟು ಒಂದಿಷ್ಟು ಏರಿತು. ಆಮೇಲೆ, ಕೊಂಡ ಲಿಂಕ್ ಗೂಗಲ್‌ನವರ ಕಣ್ಣಿಗೆ ಬಿದ್ದು, ಎಷ್ಟು ಹುಡುಕಿದರೂ ಸಿಗದಂತೆ ಮಾಯವಾಯಿತು. ಆರ್ಡರ್ ನಿಂತವು. ಗದಿಗೆವ್ವ ಬೇರೆಯವರ ಅಂಗಳಕ್ಕೆ ಹೋದಳು.

ದಾರಿ ತೋರಿಸುತ್ತಿರುವವರು ಯಾರೆಂದು ಸುರೇಖಾ ಒಂದೊಂದೇ ತೆರೆದು ನೋಡಿದಳು. ಜೂಜಿನವು, ಖೊಟ್ಟಿ ಔಷಧದವು, ನನ್ನೆದುರು ಲಗೂ ಮುಚ್ಚಿಬಿಟ್ಟಂಥವು.

“ಎಲ್ಲಾನೂ ಕಿತ್ತೊಗಿ, ತಂಗಿ. ಪೀಡಾ ಹೋಗ್ಲಿ,” ಎಂದ ಕೊಟ್ರಪ್ಪ, ಮುಖ ಸಣ್ಣ ಮಾಡಿಕೊಂಡು.

“ಬಿಳಿಚಿದ ಕಾಯಿ ಬಂದಾವಂತ ಚೀಲಾನ ತಿಪ್ಪಿಗೆ ಸುರೀತಾರೇನ್ರಿ? ಮೈಸೂರಿನ ಅಡಿಗಿ ಬರಿಯೋ ಅಕ್ಕಾರು ನಮ್ಮ ಖಾರ ಉಂಡು ತಾವಾಗೇ ಲಿಂಕ್ ಹಾಕ್ಯಾರ. ಅದು ಇರ್ಲಿ.”

ಮನೆಗೆಲಸ ಮುಗಿಸಿ ದಿನಾ ಕೂತಳು. ಕೆಟ್ಟ ಸೈಟಿನವರಿಗೆಲ್ಲ, ನಮ್ಮ ಹೆಸರು ತೆಗೀರಿ ಅಂತ ಬರೆದಳು. ಕೆಲವರು ತೆಗೆದರು, ಬಹಳ ಮಂದಿ ಉತ್ತರವನ್ನೇ ಕೊಡಲಿಲ್ಲ.

“ಕೇಳದವ್ರಿಗೆ ಏನ್ ಮಾಡ್ತಿ?” ಎಂದೆ.

“ಅವರ ಹೆಸರು ಗೂಗಲ್‌ನವ್ರಿಗೇ ತಿಳಸ್ತೇನಿ, ದೊಡ್ಡವ್ವ. ರೊಕ್ಕ ಕೊಟ್ಟು ಹಾಕಿಸಿದ್ದು ನಾವ, ಇನ್ನ ಹಾಕ್ಸಂಗಿಲ್ಲ, ಇನ್ನೊಮ್ಮೆ ನೋಡ್ರಿ ಅಂತ.”

ಅವಳ ಗಂಡ ಶಶಿಕಾಂತ ಬಾಗಿಲಲ್ಲೇ ನಿಂತ. “ಯಾರೋ ಆಗದವ್ರು ಮಾಡ್ಯಾರಂತ ಬರದ್ಬಿಡು.”

“ಅವ್ರು ಚೀಲದ ತಳಾ ನೋಡಿ ಆಗೇತಿ. ಈಗ ಸುಳ್ಳು ಹೇಳಿದ್ರ ಮತ್ತ ನಮ್ಮ ಚೀಲಕ್ಕ ಕೈನೂ ಹಾಕಂಗಿಲ್ಲ.”

ಇದ್ದದ್ದನ್ನೇ ಬರೆದಳು. ಯುಗಾದಿ ಕಳೆದ ಮೇಲೆ ಸೈಟು ಕಾಣಿಸಿತು, ಎರಡನೆಯ ಪುಟದಲ್ಲಿ. ಆಮೇಲೆ ಮೊದಲನೆಯದಕ್ಕೆ ಬಂತು, ಆದರೆ ತುಸು ಕೆಳಗೆ. ಅಷ್ಟಕ್ಕೇ ಚೆನ್ನೈಯವರು ಮತ್ತೆ ಕೇಳಿದರು. ಗದಿಗೆವ್ವ ತಿರುಗಿ ಬಂದವಳು ನನ್ನ ಪಕ್ಕ ಕೂತು, “ಅಲ್ಲಿ ಚಾ ಅಂದ್ರ ಬರೇ ಬಿಸಿನೀರವಾ,” ಎಂದಳು.

ಮುಂದಿನ ವರ್ಷ ಕೊಟ್ರಪ್ಪ ಮಗಳ ಲಗ್ನಪತ್ರಿಕೆ ತಂದ. ಕೆಳಗೆ ಹೆಸರು ಎಂದಿನಂತೆ ಕಿಕ್ಕಿರಿದಿದ್ದವು. ಸುರೇಖಾ ಓದುತ್ತ ಹೋಗಿ ತನ್ನ ಹೆಸರಿನ ಹತ್ತಿರ ನಿಂತಳು.

“ನನ್ನ ಕೇಳೇ ಇಲ್ಲಲ್ರಿ, ಅಣ್ಣಾ.”

“ಉಳಿದವ್ರನ್ನೆಲ್ಲ ಕೇಳೇನಿ ತಂಗಿ. ನೀ ಒಲ್ಲೆ ಅಂದೀಯಂತ ಅಂಜಿ ಬಿಟ್ಟೆ.”

ಅವಳು ನಗುತ್ತ ಒಳಗೆ ಹೋಗಿ, ಮದುವೆಯ ಅಡುಗೆಗೆ ಖಾರ ಕಟ್ಟಿಕೊಟ್ಟಳು.